ಸಹಿ ಮಾಡಿದ್ದು ನಾನು, ಆಪರೇಷನ್ ಆಗಿದ್ದು ಅಮ್ಮನಿಗೆ

ಬೆಣ್ಣೆದೋಸೆ · ಭಾನುವಾರ ರಾತ್ರಿ 10:42

ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ಲದೆ ಓದಿ. ಆಸ್ಪತ್ರೆ ಹೆಸರು ಹಾಕಲ್ಲ, ಕೇಳಬೇಡಿ.

ಅಮ್ಮನಿಗೆ 61 ವರ್ಷ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು. ಪಿತ್ತಕೋಶದಲ್ಲಿ ಕಲ್ಲು. ಎರಡು ತಿಂಗಳಿಂದ ಊಟ ಆದ ಮೇಲೆ ಬಲಗಡೆ ಪಕ್ಕೆ ಕೆಳಗೆ ನೋವು ಅಂತಿದ್ದರು. ಸ್ಕ್ಯಾನ್ ಮಾಡಿಸಿದೆವು. ತೆಗೆಸಲೇಬೇಕು ಅಂದರು. "ಲ್ಯಾಪ್ರೋಸ್ಕೋಪಿ ಅಮ್ಮ, ನಾಲ್ಕು ತೂತು, ಎರಡು ದಿನಕ್ಕೆ ಮನೆಗೆ." ಡಾಕ್ಟರು ಹೇಳಿದ್ದು ಅಷ್ಟೇ.

ಅಡ್ಮಿಟ್ ಆದ ರಾತ್ರಿ ಕೌಂಟರಿನಿಂದ "ಪೇಷಂಟ್ ಅಟೆಂಡರ್ ಯಾರ್ರೀ?" ಅಂತ ಕೂಗಿದರು. ನಾನು ಹೋದೆ. ಏಳೋ ಎಂಟೋ ಹಾಳೆ, ಎಲ್ಲಾ ಇಂಗ್ಲಿಷ್. ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿದ ಕಡೆಯೆಲ್ಲಾ ಸಹಿ ಮಾಡಿದೆ. ಇನ್ಶೂರೆನ್ಸ್ ಫಾರಂ ಯಾವುದು, ಆಪರೇಷನ್ ಫಾರಂ ಯಾವುದು ಅಂತಲೂ ನೋಡಲಿಲ್ಲ. ಅಮ್ಮ ಹಿಂದಿನ ಬೆಂಚಿನ ಮೇಲೆ ಕೂತಿದ್ದರು. ಕನ್ನಡಕ ಹಾಕಿಕೊಂಡು ಗೋಡೆ ಮೇಲಿನ ಶುಗರ್ ಪೋಸ್ಟರನ್ನ ಮೊದಲಿನಿಂದ ಕೊನೆವರೆಗೆ ಓದುತ್ತಾ ಇದ್ದರು.

ಒಂದೂವರೆ ಗಂಟೆ ಅಂದಿದ್ದ ಆಪರೇಷನ್ ಮೂರು ಗಂಟೆ ಹಿಡಿಯಿತು. "ತುಂಬಾ ಅಂಟಿಕೊಂಡಿತ್ತು, ಓಪನ್ ಮಾಡಬೇಕಾಯ್ತು, ಈಗ ಆರಾಮಿದ್ದಾರೆ" ಅಂದರು. ನಾನು ಕೈ ಮುಗಿದೆ. ಅಮ್ಮನಿಗೆ ಗೊತ್ತಾಗಿದ್ದು ಮೂರನೇ ದಿನ, ಡ್ರೆಸ್ಸಿಂಗ್ ಬದಲಿಸುವಾಗ. ಪಕ್ಕೆ ಕೆಳಗೆ ಒಂದು ಗೇಣು ಗಾಯ. "ನಾಲ್ಕು ತೂತು ಅಂದಿದ್ರಲ್ಲಮ್ಮಾ?" ಅಂತ ಸಿಸ್ಟರನ್ನ ಕೇಳಿದರು. "ಮಗ ಸಹಿ ಹಾಕಿದ್ದಾರಲ್ಲ ಅಜ್ಜಿ" ಅಂದಳು ಆ ಹುಡುಗಿ.

ಅಮ್ಮ ಆ ಹುಡುಗಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿದರು. "ಮೂವತ್ತೈದು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೋಳು ನಾನು. ನನ್ನ ಹೊಟ್ಟೆಗೆ ನೀನ್ಯಾಕೋ ಸಹಿ ಹಾಕ್ದೆ?"

ಗಾಯ ಒಣಗಿದೆ. ಅಮ್ಮ ಈಗ ಅನ್ನ ಸಾರು ಊಟ ಮಾಡ್ತಾರೆ. ನನ್ನ ಜೊತೆ ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ. ಅವರನ್ನ ಕೇಳಬೇಕಾಗಿತ್ತು, ಅಲ್ವಾ? ನನ್ನ ಸಹಿಗೆ ಕಾನೂನಿನಲ್ಲಿ ಬೆಲೆ ಇದೆಯಾ? ಗೊತ್ತಿದ್ದವರು ಹೇಳಿ.

ಕಡ್ಲೆಪುರಿ · ಭಾನುವಾರ ರಾತ್ರಿ 10:58

ಆಪರೇಷನ್ ಸಕ್ಸಸ್ ಆಯ್ತಲ್ಲ ಗುರು, ಇನ್ನೇನು ಬೇಕು? ಒಳಗೆ ಏನಿದೆ ಅಂತ ತೆಗೆದು ನೋಡಿದ ಮೇಲೆ ತಾನೇ ಗೊತ್ತಾಗೋದು. ಇಷ್ಟೆಲ್ಲಾ ವಿವರಿಸುತ್ತಾ ಕೂತರೆ ಪೇಷಂಟ್ ಅರ್ಧ ಹೆದರಿಕೆಗೇ ಹೋಗಿಬಿಡ್ತಾರೆ. ನಮ್ಮ ತಾತನಿಗೆ ಹರ್ನಿಯಾ ಆದಾಗ ಯಾರೂ ಏನೂ ಹೇಳಲಿಲ್ಲ. 91 ವರ್ಷ ಬದುಕಿದರು.

ಬೆಣ್ಣೆದೋಸೆ · ಭಾನುವಾರ ರಾತ್ರಿ 11:05

ಆಪರೇಷನ್ ಬಗ್ಗೆ ನನ್ನ ದೂರು ಇಲ್ಲ ಮಾರಾಯರೇ. ದೂರು ಇರೋದು ಅದರ ಹಿಂದಿನ ರಾತ್ರಿ ಬಗ್ಗೆ.

ಆರನೇವಾರ್ಡು · ಸೋಮವಾರ ಬೆಳಿಗ್ಗೆ 6:20

ನಾನು ಸರ್ಜನ್. ಜಿಲ್ಲಾ ಕೇಂದ್ರದಲ್ಲಿ ಕೆಲಸ, ಹದಿನೇಳು ವರ್ಷ ಆಯ್ತು. ಇಂಥ ಆಪರೇಷನ್ ವಾರಕ್ಕೆ ನಾಲ್ಕೈದು ಮಾಡ್ತೀನಿ.

ಮೊದಲು ವೈದ್ಯಕೀಯ ವಿಷಯ. ಪಿತ್ತಕೋಶದ ನಾಳ, ಅದರ ರಕ್ತನಾಳ, ಲಿವರ್ ಇವು ಸೇರೋ ಮೂಲೆಗೆ ನಾವು ಕ್ಯಾಲೋಟ್ ತ್ರಿಕೋನ ಅಂತೀವಿ. ಅಲ್ಲಿ ಎರಡು ಮೂರು ಸಲ ಕೀವು, ಉರಿಯೂತ ಆಗಿ ಹೋಗಿದ್ದರೆ ಎಲ್ಲಾ ಅಂಟಿಕೊಂಡು ಹಲ್ವಾ ಥರ ಆಗಿರುತ್ತೆ. ಯಾವುದು ಪಿತ್ತಕೋಶದ ನಾಳ, ಯಾವುದು ಲಿವರ್‌ನಿಂದ ಕರುಳಿಗೆ ಹೋಗೋ ಮುಖ್ಯ ನಾಳ ಅಂತ ಕ್ಯಾಮೆರಾದಲ್ಲಿ ಬಿಡಿಸಿ ನೋಡೋಕೆ ಆಗಲ್ಲ. ಅಂದಾಜಿನ ಮೇಲೆ ಕತ್ತರಿ ಹಾಕಿ ಮುಖ್ಯ ನಾಳಕ್ಕೆ ಪೆಟ್ಟಾದರೆ ಆ ಪೇಷಂಟ್ ವರ್ಷಗಟ್ಟಲೆ ಆಸ್ಪತ್ರೆ ಅಲೀಬೇಕು. ಹಾಗಾಗಿ ಓಪನ್ ಮಾಡಿದ್ದು ನೂರಕ್ಕೆ ನೂರು ಸರಿ. ಆ ಸರ್ಜನ್ ಬಗ್ಗೆ ನನಗೆ ಗೌರವ ಇದೆ.

ಆದರೆ ಇದು ಅನಿರೀಕ್ಷಿತ ಅಲ್ಲ. ಎಲ್ಲಾ ಸರ್ಜನ್‌ಗಳಿಗೂ ಗೊತ್ತಿರೋ ಸಾಧ್ಯತೆ. ಗೊತ್ತಿದ್ದ ಮೇಲೆ ಮೊದಲೇ ಹೇಳಬೇಕು. "ಅಮ್ಮ, ನಾಲ್ಕು ತೂತಿನಲ್ಲೇ ಮುಗಿಸೋಕೆ ನೋಡ್ತೀನಿ. ಆಗದಿದ್ದರೆ ಇಲ್ಲಿ ಇಷ್ಟು ಉದ್ದ ಕೊಯ್ಯಬೇಕಾಗುತ್ತೆ. ಆಗ ಎರಡು ದಿನದ ಬದಲು ಐದಾರು ದಿನ ಇರಬೇಕು." ಇದನ್ನ ಹೇಳೋಕೆ ಎಷ್ಟು ಹೊತ್ತು? ಗಡಿಯಾರ ನೋಡಿಕೊಂಡೇ ಒಮ್ಮೆ ಹೇಳಿದ್ದೀನಿ. ಪೇಷಂಟ್ ಪ್ರಶ್ನೆನೂ ಸೇರಿ ನಾಲ್ಕು ನಿಮಿಷ.

ಆ ನಾಲ್ಕು ನಿಮಿಷ ಸಿಗಲ್ಲ. ಒಪಿಡಿ ಬಾಗಿಲಲ್ಲಿ 70 ಜನ ನಿಂತಿರ್ತಾರೆ. ಕೆಲಸ ಹೌಸ್ ಸರ್ಜನ್ ಮೇಲೆ ಬೀಳುತ್ತೆ. ಅವನಿಂದ ಸಿಸ್ಟರ್ ಮೇಲೆ, ಸಿಸ್ಟರ್‌ನಿಂದ ಕೌಂಟರಿನ ಹುಡುಗನ ಮೇಲೆ. ಕೌಂಟರಿನ ಹುಡುಗನಿಗೆ ಪಿತ್ತಕೋಶ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಿಲ್ಲ, ಪಾಪ. ಅವನಿಗೆ ಗೊತ್ತಿರೋದು ಇಂಟು ಗುರುತು.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಎಷ್ಟೋ ಸಲ ನಾವು ಹೇಳೋಕೆ ಬಾಯಿ ತೆರೆದಿರ್ತೀವಿ. ಪೇಷಂಟ್ ಹಿಂದೆ ನಿಂತಿರೋ ಮಗ ಕಣ್ಸನ್ನೆ ಮಾಡ್ತಾನೆ. "ಅಮ್ಮನ ಮುಂದೆ ಬೇಡ ಸರ್, ಬಿಪಿ ಇದೆ."

ಕರಿಕೋಟು · ಸೋಮವಾರ ಬೆಳಿಗ್ಗೆ 9:37

ಧಾರವಾಡದಾಗ ವಕೀಲಿ ಮಾಡ್ತೀನಿ. ಗ್ರಾಹಕ ಆಯೋಗದ ಕೇಸುಗಳೇ ಜಾಸ್ತಿ. ಕೋರ್ಟಿಗೆ ಹೊರಡೋ ಮೊದಲು ಬರೀತಿದ್ದೀನಿ.

ಬೆಣ್ಣೆದೋಸೆ ಅವರೇ, ನಿಮ್ಮ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದೇ ಉತ್ತರ ಕೊಟ್ಟಿದೆ. ಸಮೀರಾ ಕೊಹ್ಲಿ ಪ್ರಕರಣ. ತೀರ್ಪು ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದವರೇ.

1995ರ ಮೇ ತಿಂಗಳು, ದೆಹಲಿ. 44 ವರ್ಷದ, ಮದುವೆಯಾಗದ ಹೆಂಗಸು. ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿಲ್ಲ ಅಂತ ಕ್ಲಿನಿಕ್ಕಿಗೆ ಹೋದರು. ಮಾರನೇ ದಿನ ಮಂಪರು ಕೊಟ್ಟು ಲ್ಯಾಪ್ರೋಸ್ಕೋಪಿ, ಒಳಗೆ ಏನಾಗಿದೆ ಅಂತ ನೋಡೋಕೆ. ಅವರು ಸಹಿ ಮಾಡಿದ್ದ ಫಾರಂನಲ್ಲಿ ಲ್ಯಾಪ್ರೋಸ್ಕೋಪಿ ಅಂತ ಇತ್ತು, ಬೇಕಾದರೆ ಹೊಟ್ಟೆ ತೆರೆಯಬಹುದು ಅಂತಲೂ ಇತ್ತು. ಗರ್ಭಕೋಶ ತೆಗೀತೀವಿ ಅಂತ ಇರಲಿಲ್ಲ. ಅವರು ಒಳಗೆ ಎಚ್ಚರ ಇಲ್ಲದೆ ಮಲಗಿರುವಾಗ ಸಹಾಯಕ ವೈದ್ಯೆ ಹೊರಗೆ ಬಂದು, ಬೆಂಚಿನ ಮೇಲೆ ಕೂತಿದ್ದ ತಾಯಿಯ ಹತ್ತಿರ ಸಹಿ ತಗೊಂಡರು. ಗರ್ಭಕೋಶ, ಎರಡೂ ಅಂಡಾಶಯ, ನಾಳಗಳು ಎಲ್ಲಾ ತೆಗೆದರು.

ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಅವರು ಸೋತರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೋರ್ಟ್ ಹೇಳಿದ್ದರ ಸಾರ ಇಷ್ಟು. ಪೇಷಂಟ್ ವಯಸ್ಕಳು, ಬುದ್ಧಿ ಸರಿ ಇದೆ, ಸ್ವಲ್ಪ ಹೊತ್ತು ಎಚ್ಚರ ಇಲ್ಲ ಅಷ್ಟೇ. ಪ್ರಾಣಕ್ಕೆ ಅಪಾಯವೂ ಇರಲಿಲ್ಲ. ಎಚ್ಚರ ಆಗೋ ತನಕ ಕಾದು ಅವಳನ್ನೇ ಕೇಳಬೇಕಿತ್ತು. ತಾಯಿಯ ಸಹಿ ಅವಳ ಸಹಿ ಆಗಲ್ಲ. "ಒಳ್ಳೇದಕ್ಕೇ ಮಾಡಿದ್ದು, ಇನ್ನೊಂದು ಆಪರೇಷನ್ ಖರ್ಚು ಉಳೀತು, ಮುಂದಿನ ನೋವು ತಪ್ಪಿತು" ಅನ್ನೋ ವಾದ ನಡೆಯಲ್ಲ. ವೈದ್ಯೆ ಫೀಸು ಪಡೆಯುವಂತಿಲ್ಲ, ಮೇಲೆ 25,000 ರೂಪಾಯಿ ಪರಿಹಾರ ಕೊಡಬೇಕು ಅಂತ ಆಯ್ತು. ದುಡ್ಡು ಕಮ್ಮಿ. ಆ ತೀರ್ಪು ಕೊಟ್ಟ ದಾರಿ ದೊಡ್ಡದು.

ನಿಮ್ಮ ಕೇಸಿಗೆ ಬಂದರೆ ತಾಯಿಯವರ ಸಹಿ ಫಾರಂ ಮೇಲೆ ಇಲ್ಲ ಅನ್ನೋದೇ ಆಸ್ಪತ್ರೆಯ ದೊಡ್ಡ ತಪ್ಪು. ಮಗನ ಸಹಿ ಹೆಚ್ಚೆಂದರೆ ಸಾಕ್ಷಿ ಸಹಿ.

ಆರನೇವಾರ್ಡು · ಸೋಮವಾರ ಮಧ್ಯಾಹ್ನ 2:15

ವಕೀಲರೇ, ಅದೇ ತೀರ್ಪಿನಲ್ಲಿ ನಮ್ಮ ಪರ ಇರೋದನ್ನೂ ಹೇಳಿಬಿಡಿ. ಅಮೆರಿಕದಲ್ಲಿ ಹೇಳೋಷ್ಟು ವಿವರವಾಗಿ ಅಪಾಯಗಳನ್ನ ಹೇಳಬೇಕಾಗಿಲ್ಲ ಅಂತ ಅದರಲ್ಲಿದೆ. ಲಕ್ಷಕ್ಕೊಬ್ಬರಿಗೆ ಆಗೋದನ್ನ ಹೇಳಿ ಹೆದರಿಸಿದರೆ ಬೇಕಾದ ಆಪರೇಷನ್ನೂ ಬೇಡ ಅಂತ ಎದ್ದು ಹೋಗ್ತಾರೆ.

ಕರಿಕೋಟು · ಸೋಮವಾರ ರಾತ್ರಿ 8:50

ಹೌದು ಡಾಕ್ಟ್ರೇ, ಇದೆ. ದೂರದ, ಪುಸ್ತಕದಲ್ಲಷ್ಟೇ ಇರೋ ಅಪಾಯ ಹೇಳಬೇಕಾಗಿಲ್ಲ. ಆದರೆ ಏನು ಮಾಡ್ತೀರಿ, ಯಾಕೆ ಮಾಡ್ತೀರಿ, ಬೇರೆ ದಾರಿ ಏನಿದೆ, ಮುಖ್ಯವಾದ ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತೆ, ಇಷ್ಟು ಹೇಳಲೇಬೇಕು. ಓಪನ್ ಮಾಡಬೇಕಾಗಬಹುದು ಅನ್ನೋದು ಲಕ್ಷಕ್ಕೊಂದಾ? ನೀವೇ ಬೆಳಿಗ್ಗೆ ಅಲ್ಲ ಅಂದಿರಿ.

ಇನ್ನೊಂದು ಗೊಂದಲ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮದಲ್ಲಿ 7.16 ಅಂತ ಒಂದು ಸಾಲು. ಆಪರೇಷನ್‌ಗೆ ಮೊದಲು ಗಂಡ ಅಥವಾ ಹೆಂಡತಿ, ಮಕ್ಕಳಾದರೆ ತಂದೆ ತಾಯಿ ಅಥವಾ ಪೋಷಕರು, ಇಲ್ಲವೇ ಪೇಷಂಟ್, ಸಂದರ್ಭಕ್ಕೆ ತಕ್ಕ ಹಾಗೆ ಲಿಖಿತ ಒಪ್ಪಿಗೆ ಅಂತ. ಪೇಷಂಟ್ ಪಂಕ್ತಿಯ ಕೊನೇಲಿ! ಬಡಿಸೋರು ಹೀಗೆ ಮಾಡಿದರೆ ಯಾರಾದರೂ ಸುಮ್ನಿರ್ತಾರಾ? 2023ರಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳು ತಡೆಹಿಡಿದರು. ಈಗ ನಡೀತಿರೋದು ಮತ್ತೆ 2002ರದ್ದೇ.

ಜೋಳದರೊಟ್ಟಿ · ಸೋಮವಾರ ರಾತ್ರಿ 9:31

ಗರ್ಭಕೋಶದ ಮಾತು ಬಂತು, ಹಾಗಾಗಿ ಬರೀತೀನಿ. ಕಲಬುರಗಿ ಕಡೆಯವಳು.

ನಮ್ಮ ಚಿಕ್ಕಮ್ಮನಿಗೆ ಆಗ 32 ವರ್ಷ. ಬಿಳಿ ಮುಟ್ಟು, ಸೊಂಟ ನೋವು. ಹೊಲದಲ್ಲಿ ದಿನಾ ಬಗ್ಗಿ ಕೆಲಸ ಮಾಡೋರಿಗೆ ಸೊಂಟ ನೋವು ಬರದೆ ಇರುತ್ತಾ? ಸ್ಕ್ಯಾನಿಂಗ್ ಮಾಡಿ "ಗರ್ಭಕೋಶ ಕೊಳೆತದ, ತೆಗಿಸ್ಲಿಲ್ಲಂದ್ರ ಕ್ಯಾನ್ಸರ್ ಆಗ್ತದ" ಅಂದರು. ಕ್ಯಾನ್ಸರ್ ಅಂದ ಮೇಲೆ ಇನ್ನೇನು ಕೇಳೋದು? ಚಿಕ್ಕಪ್ಪ ಎರಡು ಆಡು ಮಾರಿ, ಸಾಲ ಮಾಡಿ ದುಡ್ಡು ಕಟ್ಟಿದರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಚಿಕ್ಕಮ್ಮನ ಹೆಬ್ಬೆಟ್ಟೇ, ಅದೇನೋ ಸರಿ. ಆದರೆ ಹೆಬ್ಬೆಟ್ಟಿನ ಮೇಲೆ ಏನು ಬರೆದಿದೆ ಅಂತ ಓದಿ ಹೇಳಿದವರಿಲ್ಲ. ಮಾತ್ರೆಯಲ್ಲಿ ವಾಸಿ ಆಗಬಹುದು ಅಂತ ಹೇಳಿದವರಿಲ್ಲ. ಇಷ್ಟು ಬೇಗ ತೆಗೆದರೆ ಮೂಳೆ ಸವೆಯುತ್ತೆ, ಮೈ ಬಿಸಿ ಆಗುತ್ತೆ, ಬೆವರುತ್ತೆ ಅಂತಲೂ ಹೇಳಲಿಲ್ಲ. ಇವತ್ತು ಚಿಕ್ಕಮ್ಮ ಕೊಡ ಎತ್ತಲ್ಲ.

2015ರ ಸುಮಾರಿಗೆ ನಮ್ಮ ಜಿಲ್ಲೆಯಲ್ಲಿ ಇಂಥವು ಎಷ್ಟು ನಡೆದಿವೆ ಅಂತ ಹೊರಗೆ ಬಂತು. ತಾಂಡಾದ ಹೆಂಗಸರು, ದಲಿತ ಕೇರಿಯ ಹೆಂಗಸರೇ ಜಾಸ್ತಿ. ತನಿಖೆ ಆಯ್ತು, ಹೆಂಗಸರು ಕಲಬುರಗಿಯ ಬೀದಿಗೆ ಇಳಿದರು. ಚಿಕ್ಕಮ್ಮನೂ ಒಂದು ಸಲ ಹೋಗಿದ್ದಳು. ಸಹಿ ಇದ್ದರೆ ಸಾಕು ಅನ್ನೋರಿಗೆ ಹೇಳ್ತಿದ್ದೀನಿ, ಸಹಿ ಇತ್ತು.

ಕರಿಕೋಟು · ಸೋಮವಾರ ರಾತ್ರಿ 9:55

ಅಕ್ಕಾ, ಓದಿ ಹೊಟ್ಟೆ ಉರಿಯಿತು. ಬೇಡದ ಗರ್ಭಕೋಶದ ಆಪರೇಷನ್ ತಡೆಯೋಕೆ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಇದೆ. ಮೂರು ತಿಂಗಳಲ್ಲಿ ಎಲ್ಲಾ ರಾಜ್ಯಗಳೂ ಅದನ್ನ ಜಾರಿಗೆ ತರಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಕೇಸು ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಹೆಂಗಸರದ್ದು. ಕತೆ ಮಾತ್ರ ನಿಮ್ಮ ಚಿಕ್ಕಮ್ಮಂದೇ.

ಓದಿ ಹೇಳೋ ವಿಷಯಕ್ಕೆ ಇನ್ನೊಂದು ತೀರ್ಪಿದೆ. 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ಒಂದೇ ರಾತ್ರಿ 53 ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದ್ದರು. ಡೆಸ್ಕುಗಳ ಮೇಲೆ, ಟಾರ್ಚ್ ಬೆಳಕಲ್ಲಿ. ದೇವಿಕಾ ಬಿಸ್ವಾಸ್ ಅನ್ನೋರು ಕೋರ್ಟಿಗೆ ಹೋದರು. 2016ರ ತೀರ್ಪಿನಲ್ಲಿ, ಅವರಿಗೆ ಅರ್ಥ ಆಗೋ ಭಾಷೆಯಲ್ಲಿ ವಿವರಿಸಬೇಕು, ಮನಸ್ಸು ಬದಲಾದರೆ ಎದ್ದು ಹೋಗೋಕೆ ಒಂದು ಗಂಟೆಯಷ್ಟು ಪುರುಸೊತ್ತು ಕೊಡಬೇಕು ಅಂತ ಇದೆ. ಆ ಒಂದು ಗಂಟೆ ಅನ್ನೋದು ನನಗೆ ಭಾಳ ಹಿಡಿಸಿದ ಮಾತು. ಸಹಿಗೂ ಸೂಜಿಗೂ ನಡುವೆ ಒಂದು ಗಂಟೆ.

ರಾತ್ರಿಪಾಳಿ · ಮಂಗಳವಾರ ಬೆಳಗಿನ ಜಾವ 4:12

ಉಡುಪಿಯವಳು, ಈಗ ಇಂಗ್ಲೆಂಡಿನಲ್ಲಿ ಸ್ಟಾಫ್ ನರ್ಸ್. ಮೊದಲು ಊರಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಆ ಪೆನ್ಸಿಲ್ ಇಂಟು ಗುರುತು ಇದೆಯಲ್ಲ, ನಾನೇ ಸಾವಿರ ಸಲ ಹಾಕಿದ್ದೇನೆ ಮಾರ್ರೆ. ಮೊದಲು ತಪ್ಪೊಪ್ಪಿಗೆ, ಆಮೇಲೆ ಉಪದೇಶ.

ಇಲ್ಲಿ ಪೇಷಂಟಿಗೆ ಎಚ್ಚರ ಇದ್ದು ಬುದ್ಧಿ ಸರಿ ಇದ್ದರೆ ಬೇರೆ ಯಾರ ಸಹಿಯನ್ನೂ ತಗೊಳ್ಳುವುದಿಲ್ಲ. ಗಂಡ, ಮಗ ಪಕ್ಕದಲ್ಲಿ ಕೂತುಕೊಳ್ಳಬಹುದು, ಅಷ್ಟೇ. ನಮ್ಮ ವಾರ್ಡಿಗೆ ಗುಜರಾತಿ, ಪಂಜಾಬಿ ಅಜ್ಜಿಯರು ಬರ್ತಾರೆ. ಮಗ "ನಾನೇ ಹೇಳ್ತೇನೆ ಬಿಡಿ" ಅಂದರೂ ಕೇಳುವುದಿಲ್ಲ, ದುಭಾಷಿಗೆ ಫೋನ್ ಹಚ್ಚುತ್ತೇವೆ. ಯಾಕೆಂದರೆ ಡಾಕ್ಟರು ಐದು ವಾಕ್ಯ ಹೇಳಿದರೆ ಮಗ ಅಮ್ಮನಿಗೆ ಹೇಳುವುದು "ಏನಿಲ್ಲ, ಸಣ್ಣ ಆಪರೇಷನ್" ಅಂತ.

ಇಲ್ಲಿಯೂ ಮೊದಲು ಹೀಗಿರಲಿಲ್ಲ. ಸ್ಕಾಟ್ಲೆಂಡಿನ ಮಾಂಟ್ಗೊಮೆರಿ ಕೇಸ್ ಅಂತ ಇದೆ. ಸಕ್ಕರೆ ಕಾಯಿಲೆ ಇದ್ದ ಬಸುರಿ, ಮೈಕಟ್ಟು ಸಣ್ಣದು, ಮಗು ದೊಡ್ಡದು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಹಾಕಿಕೊಳ್ಳುವ ಅಪಾಯ ನೂರಕ್ಕೆ ಒಂಬತ್ತು ಹತ್ತರಷ್ಟು. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳ್ತಾರೆ ಅಂತ ಡಾಕ್ಟರು ಹೇಳಲಿಲ್ಲ. 1999ರಲ್ಲಿ ಮಗು ಹುಟ್ಟಿತು, ಭುಜ ಸಿಕ್ಕಿಹಾಕಿಕೊಂಡಿತು, ಮೆದುಳಿಗೆ ಪೆಟ್ಟಾಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆ ತಾಯಿಯ ಪರ ತೀರ್ಪು ಕೊಟ್ಟಿತು. "ಬೇರೆ ಡಾಕ್ಟರಾದರೂ ಇಷ್ಟೇ ಹೇಳ್ತಿದ್ದರು" ಅನ್ನುವ ಲೆಕ್ಕ ಹೋಯಿತು. ಈ ಪೇಷಂಟಿಗೆ ಯಾವುದು ಮುಖ್ಯ ಅನ್ನುವ ಲೆಕ್ಕ ಬಂತು.

ಇಲ್ಲಿ ಎಲ್ಲಾ ಚಂದ ಅಂತಲ್ಲ. ಆಪರೇಷನ್ ಡೇಟಿಗೇ ತಿಂಗಳುಗಟ್ಟಲೆ ಕಾಯಬೇಕು. ಊರಲ್ಲಾದರೆ ನಾಳೆಯೇ ಮಾಡ್ತಾರೆ.

ಕಡ್ಲೆಪುರಿ · ಮಂಗಳವಾರ ಬೆಳಿಗ್ಗೆ 8:03

ಸರಿ ಸರಿ, ನಾನು ಸ್ವಲ್ಪ ಹಿಂದೆ ಸರಿದೆ. ಆದರೆ ಒಂದು ಕೇಳ್ತೀನಿ. ಪೇಷಂಟೇ "ನಂಗೇನೂ ಹೇಳಬೇಡಿ, ನೀವೇ ನೋಡ್ಕೊಳ್ಳಿ" ಅಂದರೆ? ನಮ್ಮಪ್ಪ ಹಾಗೇ. ಇಂಜೆಕ್ಷನ್ ಕಂಡರೆ ಕಣ್ಣು ಮುಚ್ಕೋತಾರೆ.

ಸುಬ್ಬಿಮೊಮ್ಮಗಳು · ಮಂಗಳವಾರ ಬೆಳಿಗ್ಗೆ 8:44

ಅದಕ್ಕೂ ಅವರನ್ನೇ ಕೇಳಬೇಕಲ್ಲ ಅಣ್ಣ. ನಮ್ಮಜ್ಜಿಗೆ ಅನ್ನನಾಳದ ಕ್ಯಾನ್ಸರ್. ಮನೆಯಲ್ಲಿ ಎಲ್ಲಾ ಸೇರಿ "ಗ್ಯಾಸ್ಟ್ರಿಕ್" ಅಂದೆವು. ರೇಡಿಯೇಷನ್‌ಗೆ ಕರೆದುಕೊಂಡು ಹೋಗುವಾಗ "ಬಿಸಿ ಶಾಖ ಕೊಡ್ತಾರೆ" ಅಂದೆವು. ಕಟ್ಟಡದ ಮೇಲೆ ದೊಡ್ಡಕ್ಷರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಅಂತ ಬರೆದಿದೆ, ಅಜ್ಜಿಗೆ ಓದೋಕೆ ಬರುತ್ತೆ! ಆದರೂ ನಾವು ನಾಟಕ ಬಿಡಲಿಲ್ಲ, ಅಜ್ಜಿಯೂ ಬಿಡಲಿಲ್ಲ. ತೀರಿಕೊಳ್ಳೋ ವಾರ ನನ್ನ ಕೈಲಿ ಬಳೆ ಇಟ್ಟು, "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಕಣೇ, ಇದು ನಿನ್ನ ಹತ್ರ ಇರಲಿ" ಅಂದರು. ಅವರೇ ನಮ್ಮನ್ನ ಸಾಕಿದ್ದು, ಕೊನೇ ತನಕ.

ಇನ್ನೊಂದು ಪ್ರಶ್ನೆ ವಕೀಲರಿಗೆ. ನನ್ನ ಗೆಳತಿ ಗರ್ಭಪಾತಕ್ಕೆ ಹೋದಾಗ ಗಂಡನ ಸಹಿ ಇಲ್ಲದೆ ಮಾಡಲ್ಲ ಅಂದರಂತೆ. ಅದು ನಿಯಮವಾ?

ಕರಿಕೋಟು · ಮಂಗಳವಾರ ಬೆಳಿಗ್ಗೆ 9:10

ಅಲ್ಲ. 1971ರ ಕಾಯ್ದೆಯಲ್ಲೇ ಇದೆ, 18 ತುಂಬಿದವಳಾದರೆ ಅವಳ ಒಪ್ಪಿಗೆಯೊಂದೇ ಸಾಕು. ಆಸ್ಪತ್ರೆಯವರು ಮುಂದೆ ಗಲಾಟೆ ಆದೀತು ಅಂತ ಗಂಡನ ಸಹಿ ಕೇಳ್ತಾರೆ. ಕಾನೂನು ಕೇಳಲ್ಲ.

ಟೆಸ್ಟ್‌ಟ್ಯೂಬ್ · ಮಂಗಳವಾರ ಬೆಳಿಗ್ಗೆ 11:26

ಲ್ಯಾಬ್ ಟೆಕ್ನಿಷಿಯನ್ ನಾನು. ಆಪರೇಷನ್‌ಗೆ ಮೊದಲು ರಕ್ತ ತೆಗೀತೀವಲ್ಲ, ಅದರಲ್ಲಿ ಎಚ್‌ಐವಿ ಟೆಸ್ಟೂ ಇರುತ್ತೆ. 2017ರ ಕಾಯ್ದೆ ಪ್ರಕಾರ ಅದಕ್ಕೆ ಹೇಳಿ, ಒಪ್ಪಿಗೆ ತಗೊಂಡೇ ಮಾಡಬೇಕು. ನಾನು ಕೇಳಿದಾಗಲೆಲ್ಲಾ ಪೇಷಂಟ್‌ಗಳು "ಹೌದಾ, ಅದೂ ಮಾಡ್ತೀರಾ?" ಅಂತಾರೆ. ನಮ್ಮಲ್ಲೇ ಕೆಲವರು ಕೇಳೋದೇ ಇಲ್ಲ.

ಬೆಣ್ಣೆದೋಸೆ · ಮಂಗಳವಾರ ರಾತ್ರಿ 11:38

ಎಲ್ಲರದ್ದೂ ಓದಿದೆ. ಡಾಕ್ಟರ ಆ ಕಣ್ಸನ್ನೆ ಮಾತು ನಿನ್ನೆಯಿಂದ ತಲೆಯಲ್ಲಿ ಕೊರೀತಿದೆ.

ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಬಿಟ್ಟಿದ್ದೆ. "ಡಾಕ್ಟರು ಹೇಳಿದ್ದು ಅಷ್ಟೇ" ಅಂತ ಬರೆದಿದ್ದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಅವರು ಅಮ್ಮನಿಗೆ ಹೇಳಿದ್ದು ಅಷ್ಟು. ಆಮೇಲೆ ನನ್ನನ್ನ ಕಾರಿಡಾರಿಗೆ ಕರೆದು, "ಸ್ಕ್ಯಾನ್‌ನಲ್ಲಿ ಗೋಡೆ ದಪ್ಪ ಕಾಣ್ತಿದೆ, ಓಪನ್ ಮಾಡಬೇಕಾಗಬಹುದು, ಅಮ್ಮನಿಗೆ ಹೇಳೋಣ್ವಾ?" ಅಂದರು. ನಾನೇ ಬೇಡ ಅಂದೆ. ಬಿಪಿ ಅಂತಲೇ ಅಂದೆ ಅನ್ಸುತ್ತೆ. ಅಮ್ಮನಿಗೆ ಬಿಪಿ ಇಲ್ಲ.

ಅಪ್ಪ ತೀರಿಕೊಂಡ ಮೇಲೆ ಮನೆ ವಿಷಯ ಎಲ್ಲಾ ನಾನೇ ನೋಡೋದು. ಅಭ್ಯಾಸ ಆಗಿಬಿಟ್ಟಿದೆ. ಅಮ್ಮ ಅಳ್ತಾರೇನೋ, ಆಪರೇಷನ್ನೇ ಬೇಡ ಅಂತಾರೇನೋ, ಆಮೇಲೆ ಮತ್ತೆ ರಜೆ ಹಾಕಬೇಕಲ್ಲ ಅಂತ. ಹೌದು, ರಜೆ ಬಗ್ಗೆನೂ ಯೋಚನೆ ಮಾಡಿದ್ದೆ.

ಆರನೇವಾರ್ಡು · ಬುಧವಾರ ಬೆಳಿಗ್ಗೆ 6:05

ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೂ ಪೂರ್ತಿ ನಿಮ್ಮ ಮೇಲೆ ಹಾಕ್ಕೋಬೇಡಿ. "ಅಮ್ಮನಿಗೆ ಹೇಳೋಣ್ವಾ" ಅಂತ ಮಗನ ಹತ್ತಿರ ಅನುಮತಿ ಕೇಳಿದ್ದೇ ಆ ಡಾಕ್ಟರು ಎಡವಿದ ಜಾಗ. ನಾವೆಲ್ಲಾ ಎಡವೋ ಜಾಗ. ಬಿಲ್ ಕಟ್ಟೋನು ಎದುರಿಗೆ ನಿಂತಿರ್ತಾನೆ, ಅವನೇ ಪೇಷಂಟ್ ಅನಿಸಿಬಿಡುತ್ತೆ.

ಈಗೊಂದು ಕೆಲಸ ಮಾಡಿ. ಫೈಲ್ ತಗೊಳ್ಳಿ. ಕನ್ಸೆಂಟ್ ಫಾರಂ, ಅನಸ್ತೇಸಿಯಾ ಫಾರಂ, ಆಪರೇಷನ್ ನೋಟ್ಸ್, ಡಿಸ್ಚಾರ್ಜ್ ಸಮ್ಮರಿ. ಬಯಾಪ್ಸಿ ರಿಪೋರ್ಟ್ ಮರೀಬೇಡಿ, ತೆಗೆದ ಪಿತ್ತಕೋಶವನ್ನ ಪರೀಕ್ಷೆಗೆ ಕಳಿಸಿರ್ತಾರೆ. ತಗೊಂಡು ಅಮ್ಮನನ್ನೇ ಆ ಡಾಕ್ಟರ ಮುಂದೆ ಕೂರಿಸಿ.

ಕರಿಕೋಟು · ಬುಧವಾರ ಬೆಳಿಗ್ಗೆ 9:22

ಅರ್ಜಿ ತಾಯಿಯವರ ಹೆಸರಲ್ಲೇ, ಅವರ ಸಹಿಯಲ್ಲೇ ಕೊಡಿ. ಪೇಷಂಟ್ ಕೇಳಿದ 72 ಗಂಟೆಯಲ್ಲಿ ದಾಖಲೆ ಕೊಡಬೇಕು ಅಂತ ಅದೇ 2002ರ ನಿಯಮದಲ್ಲಿದೆ. "ಹೆಡ್ ಆಫೀಸಿಂದ ಬರಬೇಕು" ಅಂತೆಲ್ಲಾ ಸುತ್ತಿಸಿದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿದರಲ್ಲ, ರಾಜ್ಯದ ಡಾಕ್ಟರುಗಳೆಲ್ಲಾ ಮುಷ್ಕರ ಹೂಡಿದ್ದರು, ಅದೇ ಕಾಯ್ದೆ. ಗ್ರಾಹಕ ಆಯೋಗಕ್ಕೆ ಹೋಗೋದಾದರೆ ಎರಡು ವರ್ಷದೊಳಗೆ. ಹೋಗಿ ಅಂತ ನಾನು ಹೇಳ್ತಿಲ್ಲ. ಅದನ್ನ ತಾಯಿಯವರು ತೀರ್ಮಾನಿಸಲಿ.

ಬೆಣ್ಣೆದೋಸೆ · ಹತ್ತೊಂಬತ್ತು ದಿನದ ನಂತರ, ಸೋಮವಾರ ಸಂಜೆ 7:15

ಏನಾಯ್ತು ಅಂತ ಮೂರು ಜನ ಮೆಸೇಜ್ ಮಾಡಿದ್ದರು. ತಡ ಆಯ್ತು, ಕ್ಷಮಿಸಿ.

ಅರ್ಜಿ ಅಮ್ಮನೇ ಬರೆದರು. ಮುತ್ತಿನಂಥ ಅಕ್ಷರ, "ಮಾನ್ಯರೇ" ಇಂದ "ತಮ್ಮ ವಿಶ್ವಾಸಿ" ತನಕ. ಫೈಲ್ ನಾಲ್ಕನೇ ದಿನ ಸಿಕ್ಕಿತು. ಫಾರಂನಲ್ಲಿ ಓಪನ್ ಮಾಡಬಹುದು ಅನ್ನೋ ಸಾಲು ಇತ್ತು, ಅಚ್ಚಾಗಿಯೇ ಇತ್ತು. "ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ" ಅನ್ನೋ ಸಾಲೂ ಇತ್ತು, ಇಂಗ್ಲಿಷಿನಲ್ಲಿ. ಪೇಷಂಟ್ ಸಹಿ ಅನ್ನೋ ಕಡೆ ನನ್ನ ಸಹಿ. ಅಮ್ಮ ಕೆಂಪು ಪೆನ್ನು ತಗೊಂಡು ಅದರ ಸುತ್ತ ಒಂದು ಗೆರೆ ಎಳೆದರು. ಹಳೇ ಅಭ್ಯಾಸ.

ಅವತ್ತು ರಾತ್ರಿ ಕಾರಿಡಾರಿನ ವಿಷಯ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ನೀವಿಬ್ರೂ ಬಾಗಿಲ ಹೊರಗೆ ಪಿಸುಗುಟ್ಟಿದ್ದು ನಂಗೆ ಕಾಣಿಸ್ತಿತ್ತು. ಕ್ಯಾನ್ಸರ್ ಅಂತ ತಿಳ್ಕೊಂಡೆ. ಆ ರಾತ್ರಿ ಪೂರ್ತಿ ನಿದ್ದೆ ಮಾಡ್ಲಿಲ್ಲ. ನಿಂಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

ಗಾಯ ಆಗುತ್ತೆ ಅಂತ ಹೆದರ್ತಾರೆ ಅಂತ ನಾನು ಮುಚ್ಚಿಟ್ಟಿದ್ದೆ. ಅವರು ಸಾಯ್ತೀನಿ ಅಂತ ರಾತ್ರಿಯೆಲ್ಲಾ ಮಲಗಿದ್ದರು.

ಶನಿವಾರ ಡಾಕ್ಟರ ಹತ್ತಿರ ಹೋದೆವು. ಅಮ್ಮ ನೋಟ್ ಬುಕ್ಕಿನಲ್ಲಿ ಏಳು ಪ್ರಶ್ನೆ ಬರೆದುಕೊಂಡಿದ್ದರು. ನಾನು ಹೊರಗೆ ಕೂತೆ, ಅಮ್ಮನೇ ಹಾಗೆ ಹೇಳಿದ್ದು. ಡಾಕ್ಟರು ಪ್ರಿಸ್ಕ್ರಿಪ್ಷನ್ ಚೀಟಿಯ ಹಿಂದೆ ಲಿವರ್, ಪಿತ್ತಕೋಶ, ಆ ತ್ರಿಕೋನ ಎಲ್ಲಾ ಬಿಡಿಸಿ ತೋರಿಸಿದರಂತೆ. ತಪ್ಪಾಯ್ತು ಅಂದರಂತೆ. "ಚಿತ್ರ ಚೆನ್ನಾಗಿ ಬಿಡಿಸಿದಾರೆ, ಭಾಗಗಳ ಹೆಸರು ಮಾತ್ರ ಬರೆದಿಲ್ಲ" ಅಂದರು ಅಮ್ಮ. ಬಯಾಪ್ಸಿಯಲ್ಲಿ ಏನೂ ಇಲ್ಲ. ಕೇಸು ಹಾಕಲ್ಲ, ಅದು ಅವರದ್ದೇ ತೀರ್ಮಾನ.

ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆ. ಯಾವ ಲೆನ್ಸು ಅಂತ ವಿಚಾರಿಸೋಕೆ ಅಮ್ಮ ಈಗಲೇ ಎರಡು ಕಡೆ ಹೋಗಿ ಬಂದಿದ್ದಾರೆ. ನನ್ನನ್ನ ಕರೀಲಿಲ್ಲ.

ಜೋಳದರೊಟ್ಟಿ · ಸೋಮವಾರ ರಾತ್ರಿ 8:02

ಟೀಚರ್ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಒಂದು ಕೇಳಬೇಕಿತ್ತು. ಚಿಕ್ಕಮ್ಮನ ಹಳೇ ಕಾಗದ ಈಗಲೂ ಸಿಗಬಹುದಾ? ಹತ್ತು ವರ್ಷದ ಮೇಲಾಯ್ತು.

ಕರಿಕೋಟು · ಸೋಮವಾರ ರಾತ್ರಿ 8:40

ಕಷ್ಟ ಅಕ್ಕಾ. ನಿಯಮದ ಪ್ರಕಾರ ಅವರು ಇಟ್ಟುಕೊಳ್ಳಬೇಕಾಗಿದ್ದು ಮೂರು ವರ್ಷ ಅಷ್ಟೇ. ಆದರೂ ಒಂದು ಅರ್ಜಿ ಹಾಕಿ ನೋಡಿ. ಮನೆಯಲ್ಲಿ ಸ್ಕ್ಯಾನಿಂಗ್ ಫಿಲ್ಮು, ಔಷಧಿ ಚೀಟಿ ಏನಾದರೂ ಇದೆಯಾ ಅಂತ ಟ್ರಂಕ್ ಹುಡುಕಿ. ತನಿಖೆ ಟೈಮಲ್ಲಿ ಹೇಳಿಕೆ ಕೊಟ್ಟಿದ್ದರೆ ಅದರ ನಕಲಿಗೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಜೋಳದರೊಟ್ಟಿ · ಸೋಮವಾರ ರಾತ್ರಿ 8:47

ಅರ್ಜಿ ಕನ್ನಡದಲ್ಲೇ ಬರೆದರೆ ತಗೋತಾರಾ?

ಬೆಣ್ಣೆದೋಸೆ · ಸೋಮವಾರ ರಾತ್ರಿ 8:51

ತಗೊಂಡರು. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲು, ತಾರೀಕು ಹಾಕಿಸ್ಕೊಳ್ಳಿ. ಚಿಕ್ಕಮ್ಮ ಹೇಳ್ತಾ ಹೋದರೆ ಅಮ್ಮ ಫೋನಿನಲ್ಲೇ ಬರೆದುಕೊಡ್ತಾರಂತೆ. ಪಕ್ಕದಲ್ಲೇ ಇದ್ದಾರೆ, ಸಂಜೆ ಆರರ ಮೇಲೆ ಮಾಡೋಕೆ ಹೇಳು ಅಂತಿದ್ದಾರೆ.